ಕಾರಿನಲ್ಲಿ ಪೆಟ್ರೋಲ್ ವಾಸನೆ: ಎಲ್ಲಿಂದ ಅನ್ನೋದಕ್ಕಿಂತ ಮೊದಲು ಯಾವಾಗ ಅಂತ ನೋಡಿ

ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಕಿಟಕಿ ಇಳಿಸುತ್ತಾರೆ. ಇಲ್ಲವೇ ಡ್ಯಾಶ್‌ಬೋರ್ಡ್ ಮೇಲೆ ಹೊಸ ಪರ್ಫ್ಯೂಮ್ ಬಾಟಲಿ ತಂದಿಡುತ್ತಾರೆ. "ಈಗ ತಾನೇ ಪೆಟ್ರೋಲ್ ಹಾಕಿಸಿದ್ವಲ್ಲ, ಅದಕ್ಕೇ ಇರಬೇಕು ಬಿಡು" ಅಂತ ಸಮಾಧಾನ ಬೇರೆ. ಬಂಕ್‌ನಲ್ಲಿ ಹತ್ತಿದ ವಾಸನೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾಯವಾಗಬೇಕು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗಲೂ ಮೂಗಿಗೆ ಬಡಿದರೆ ಎಲ್ಲೋ ಪೆಟ್ರೋಲ್ ಆಚೆ ಬರುತ್ತಿದೆ ಅಂತಲೇ ತಿಳಿಯಿರಿ.

ಗ್ಯಾರೇಜ್‌ಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆ: "ಎಲ್ಲಿಂದ ಬರ್ತಿದೆ ಸಾರ್?" ಅದು ಗೊತ್ತಿದ್ದರೆ ನಾವು ಅಲ್ಲಿಗೆ ಯಾಕೆ ಹೋಗುತ್ತಿದ್ದೆವು, ಅಲ್ವಾ? ಪೆಟ್ರೋಲ್ ಆವಿ ಗಾಳಿ ಎಳೆದ ಕಡೆ ಹೋಗುತ್ತದೆ. ಹಿಂದೆ ಟ್ಯಾಂಕ್ ಸೋರಿದರೂ ಮುಂದೆ ಕೂತವರಿಗೆ ವಾಸನೆ ಬರಬಹುದು. ಹಾಗಾಗಿ ಜಾಗ ಊಹಿಸಲು ಹೋಗಬೇಡಿ. ವಾಸನೆ ಯಾವ ಹೊತ್ತಿನಲ್ಲಿ ಬರುತ್ತದೆ, ಯಾವಾಗ ಹೋಗುತ್ತದೆ ಅನ್ನುವುದನ್ನು ಗಮನಿಸಿ. ಹೊತ್ತು ಗೊತ್ತಾದರೆ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮೊದಲು ಇಷ್ಟು ಮಾಡಿ

ಓಡಿಸುವಾಗ ಇದ್ದಕ್ಕಿದ್ದಂತೆ ಜೋರು ವಾಸನೆ ಬಂದರೆ ಗಾಡಿ ಎಡಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ. ಎಲ್ಲರೂ ಇಳಿದು ದೂರ ನಿಲ್ಲಿ. ಬಾನೆಟ್ ಎತ್ತುವ ಆತುರ ಬೇಡ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಆವಿ ಇದ್ದು, ಆಗಲೇ ಗಾಳಿಯೂ ನುಗ್ಗಿದರೆ ಹೊತ್ತಿಕೊಳ್ಳಲು ಇನ್ನೇನೂ ಬೇಕಿಲ್ಲ. ದೂರದಿಂದಲೇ ಬಗ್ಗಿ ಗಾಡಿ ಕೆಳಗೆ ನೋಡಿ. ಹನಿ ಬೀಳುತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಟೋ ಮಾಡಿಸಿ. "ಇಲ್ಲೇ ತುಮಕೂರಿನ ಬಟವಾಡಿವರೆಗೆ ಹೋಗಿಬಿಡೋಣ" ಅನ್ನುವ ಆಸೆ ಬೇಡ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ. ಹೊಗೆ, ಬೆಂಕಿ ಕಂಡರೆ 112.

ಪೆಟ್ರೋಲ್ ವಿಷಯದಲ್ಲಿ ಎರಡು ಸಂಗತಿ ನೆನಪಿಟ್ಟುಕೊಳ್ಳಿ. ಮೈನಸ್ 40 ಡಿಗ್ರಿ ಆಸುಪಾಸಿನ ಚಳಿಯಲ್ಲೂ ಅದು ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕೇಳುವುದೇ ಬೇಡ. ಎರಡನೆಯದು, ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಿದು ತಗ್ಗಿನ ಕಡೆ ಸೇರುತ್ತದೆ. ಮನೆ ಪೋರ್ಟಿಕೋದಲ್ಲಿ ಗಾಡಿ ನಿಲ್ಲಿಸುವವರು ಒಮ್ಮೆ ಸುತ್ತ ನೋಡಿ. ತುಳಸಿ ಕಟ್ಟೆಯ ದೀಪ, ಹಂಡೆ ಒಲೆ, ಗ್ಯಾಸ್ ಗೀಸರ್, ಯುಪಿಎಸ್ ಬ್ಯಾಟರಿ, ಇವೆಲ್ಲ ಎಷ್ಟು ಹತ್ತಿರ ಇವೆ? ಸೋರಿಕೆ ಸರಿಯಾಗುವವರೆಗೆ ಗಾಡಿ ಬಯಲಿನಲ್ಲಿ ನಿಲ್ಲಲಿ.

ಆಯುಧಪೂಜೆ ಹೊತ್ತಿಗೆ ವಾಸನೆ ಇದ್ದರೆ ಬಾನೆಟ್ ಮುಂದೆ ಕರ್ಪೂರ ಹಚ್ಚಬೇಡಿ. ಕುಂಬಳಕಾಯಿ ಒಡೆಯಿರಿ, ನಿಂಬೆಹಣ್ಣು ಇಡಿ, ಆರತಿ ದೂರದಿಂದ ತೋರಿಸಿ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ನಮ್ಮ ಕಡೆಯದೇ ಅಪಾಯ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರಡಿರುತ್ತಾರೆ. ಹುರುಳಿ ಬಳ್ಳಿ ತಳಕ್ಕೆ ಸುತ್ತಿಕೊಂಡು ಬಿಸಿ ಸೈಲೆನ್ಸರ್‌ಗೆ ತಾಗಿದರೆ ಸೋರಿಕೆ ಇಲ್ಲದ ಗಾಡಿಗೇ ಬೆಂಕಿ ಬೀಳುತ್ತದೆ. ಪೆಟ್ರೋಲ್ ವಾಸನೆ ಇರುವ ಗಾಡಿಯನ್ನು ಅದರ ಮೇಲೆ ಹತ್ತಿಸಲೇಬೇಡಿ. ಬಳಸಿಕೊಂಡು ಹೋಗಿ, ಇಲ್ಲ ಅಂದರೆ ಹುಲ್ಲು ಸರಿಸಿಕೊಡಿ ಅಂತ ಕೇಳಿ.

ನಿಮ್ಮದು ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇರುವ ಗಾಡಿಯಾಗಿದ್ದು, ಬರುತ್ತಿರುವುದು ಅಡುಗೆ ಗ್ಯಾಸ್‌ನಂಥ ಕೆಟ್ಟ ವಾಸನೆಯಾದರೆ ಈ ಲೇಖನ ನಿಮಗಲ್ಲ. ಸಿಲಿಂಡರ್ ವಾಲ್ವ್ ಮುಚ್ಚಿ, ಕಿಟ್ ಕೆಲಸ ಬಲ್ಲವರನ್ನು ಕರೆಸಿ.

ವಾಸನೆ ಯಾವಾಗ ಬರುತ್ತದೆ?

ಫುಲ್ ಟ್ಯಾಂಕ್ ಮಾಡಿಸಿದ ಮೇಲೆ ಮಾತ್ರ ಬಂದರೆ ತಪ್ಪು ಬಹಳ ಸಲ ಗಾಡಿಯದ್ದೇ ಅಲ್ಲ. ಬಂಕ್‌ನಲ್ಲಿ ಗನ್ ಟಕ್ ಅಂತ ಆಟೋ ಕಟ್ ಆಗುತ್ತದೆ. ಮೀಟರ್‌ನಲ್ಲಿ 2,960 ರೂಪಾಯಿ ಇರುತ್ತದೆ. "ರೌಂಡ್ ಫಿಗರ್ ಮಾಡಿಬಿಡಿ" ಅನ್ನುತ್ತೇವೆ. ಹುಡುಗ ಇನ್ನಷ್ಟು ತುರುಕುತ್ತಾನೆ. ಟ್ಯಾಂಕ್‌ನ ಮೇಲ್ಭಾಗದಲ್ಲಿ ಒಂದಿಷ್ಟು ಜಾಗ ಖಾಲಿ ಇರಬೇಕು ಅಂತಲೇ ಕಂಪನಿ ಬಿಟ್ಟಿರುತ್ತದೆ. ಬಂಕ್‌ನ ನೆಲದಡಿಯ ಟ್ಯಾಂಕ್ ತಂಪು. ಅಲ್ಲಿಂದ ಬಂದ 40 ಲೀಟರ್ ಪೆಟ್ರೋಲ್ ಬಿಸಿಲಲ್ಲಿ 20 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ ಮುಕ್ಕಾಲು ಲೀಟರ್ ಹಿಗ್ಗುತ್ತದೆ. ಅದಕ್ಕೆ ಜಾಗ ಇಲ್ಲದಿದ್ದರೆ ಆವಿ ಹೋಗುವ ಪೈಪಿನಲ್ಲಿ ಪೆಟ್ರೋಲೇ ಹೋಗುತ್ತದೆ. ಆ ಪೈಪಿನ ಕೊನೆಯಲ್ಲಿ ಇದ್ದಿಲು ತುಂಬಿದ ಒಂದು ಡಬ್ಬಿ ಇದೆ, ಚಾರ್ಕೋಲ್ ಕ್ಯಾನಿಸ್ಟರ್ ಅಂತಾರೆ. ಟ್ಯಾಂಕ್‌ನ ಆವಿಯನ್ನು ಹಿಡಿದಿಟ್ಟುಕೊಂಡು, ಇಂಜಿನ್ ಓಡುವಾಗ ಅದಕ್ಕೇ ಕುಡಿಸುವುದು ಅದರ ಕೆಲಸ. ಅದು ಪೆಟ್ರೋಲ್‌ನಲ್ಲಿ ನೆನೆದುಹೋದರೆ ಆಮೇಲೆ ಆವಿಯನ್ನೂ ಹಿಡಿಯುವುದಿಲ್ಲ. ಫುಲ್ ಮಾಡಿಸಿದ ಕೂಡಲೇ ಸ್ಟಾರ್ಟ್ ಆಗಲು ಸತಾಯಿಸಿ, ನಿಂತಲ್ಲಿ ಗಡಗಡ ಅಂದರೆ ಕ್ಯಾನಿಸ್ಟರ್‌ನಿಂದ ಇಂಜಿನ್‌ಗೆ ಆವಿ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದೆಯಾ ನೋಡಿಸಿ.

ಫುಲ್ ಟ್ಯಾಂಕ್‌ನಲ್ಲಿ ಬರುವ ವಾಸನೆಗೆ ಇನ್ನೂ ಮೂರು ಕಾರಣ ಇರಬಹುದು. ಮುಚ್ಚಳದ ಒಳಗಿನ ರಬ್ಬರ್ ವಾಷರ್ ಸೀಳಿರುವುದು, ಮುಚ್ಚಳದಿಂದ ಟ್ಯಾಂಕ್‌ಗೆ ಹೋಗುವ ದಪ್ಪ ರಬ್ಬರ್ ಪೈಪ್ ಬಿರುಕು ಬಿಟ್ಟಿರುವುದು, ಟ್ಯಾಂಕ್ ಮೇಲೆ ಪೆಟ್ರೋಲ್ ಪಂಪ್ ಕೂತಿರುವ ಜಾಗದ ಗ್ಯಾಸ್ಕೆಟ್, ಅಂದರೆ ಸಂದಿ ಮುಚ್ಚುವ ರಬ್ಬರ್ ಹೋಗಿರುವುದು. ಕೊನೆಯದನ್ನು ಹಿಡಿಯಲು ಏರು ರಸ್ತೆ ಒಳ್ಳೆಯದು. ಫುಲ್ ಟ್ಯಾಂಕ್ ಇಟ್ಟುಕೊಂಡು ದೇವರಾಯನದುರ್ಗ ಹತ್ತುವಾಗ ತಿರುವುಗಳಲ್ಲಿ ವಾಸನೆ ಬಂದು, ಕೆಳಗೆ ಸಮತಟ್ಟು ರಸ್ತೆಗೆ ಇಳಿದ ಮೇಲೆ ಹೋದರೆ ಟ್ಯಾಂಕ್‌ನ ಮೇಲ್ಭಾಗವನ್ನೇ ನೋಡಿ. ಅರ್ಧ ಟ್ಯಾಂಕ್‌ಗೆ ಇಳಿದಾಗ ತಾನಾಗಿ ನಿಲ್ಲುವುದರಿಂದ ಬಹಳ ಜನ "ಸರಿಹೋಯ್ತು" ಅಂದುಕೊಂಡು ಬಿಟ್ಟುಬಿಡುತ್ತಾರೆ. ಮುಂದಿನ ಫುಲ್ ಟ್ಯಾಂಕ್‌ಗೆ ಮತ್ತೆ ಬರುತ್ತದೆ.

ಬೆಳಿಗ್ಗೆ ಚಳಿಯಲ್ಲಿ ಬಂದು, ಇಂಜಿನ್ ಬಿಸಿಯಾದ ಮೇಲೆ ಹೋದರೆ ಅದು ಇಂಜಿನ್ ಕಡೆಯದು. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷ ಸೈಲೆನ್ಸರ್ ಹತ್ತಿರ ಸ್ವಲ್ಪ ವಾಸನೆ ಇರುವುದು ಸಹಜ. ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂ ಬಿಸಿಯಾಗಿರುವುದಿಲ್ಲ. ಆದರೆ ಬಾನೆಟ್ ಕಡೆಯಿಂದ ಬಂದರೆ ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಓ-ರಿಂಗ್ (ರಬ್ಬರ್ ಬಳೆ) ಮೇಲೆ ಅನುಮಾನಪಡಿ. ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಚಳಿಗೆ ಕುಗ್ಗುತ್ತದೆ, ಸಂದಿಯಲ್ಲಿ ಪೆಟ್ರೋಲ್ ಜಿನುಗುತ್ತದೆ. ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಗ್ಯಾರೇಜ್ ತೆರೆಯುವ ಹೊತ್ತಿಗೆ ವಾಸನೆಯೂ ಇಲ್ಲ, ಒದ್ದೆಯೂ ಇಲ್ಲ. ಇಂಥ ಗಾಡಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜ್‌ನಲ್ಲಿ ಬಿಟ್ಟುಬನ್ನಿ. ಬೆಳಿಗ್ಗೆ ತಣ್ಣಗಿರುವಾಗಲೇ ನೋಡಲಿ.

ಬಿಸಿ ಗಾಡಿ ನಿಲ್ಲಿಸಿದ ಮೇಲೆ ಬರುವ ವಾಸನೆ ಬೇರೆ. ಬೆಂಗಳೂರಿನಿಂದ ಒಂದೇ ಸಮನೆ ಓಡಿಸಿಕೊಂಡು ಬಂದು ಕ್ಯಾತ್ಸಂದ್ರದಲ್ಲಿ ನಿಲ್ಲಿಸುತ್ತೀರಿ. ತಟ್ಟೆ ಇಡ್ಲಿ ತಿಂದು ವಾಪಸ್ ಬಂದಾಗ ಬಾನೆಟ್ ಸುತ್ತ ವಾಸನೆ. ಇಂಜಿನ್ ಆಫ್ ಆದ ಮೇಲೆ ಫ್ಯಾನೂ ಇಲ್ಲ, ಗಾಳಿಯೂ ಇಲ್ಲ. ಹಾಗಾಗಿ ಬಾನೆಟ್ ಒಳಗಿನ ಬಿಸಿ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ಪೈಪಿನ ಸಣ್ಣ ಬಿರುಕು ಆಗಲೇ ಬಾಯಿ ಬಿಡುತ್ತದೆ. ಇಂಜೆಕ್ಟರ್ ಇಲ್ಲದ ಹಳೆಯ ಕಾರ್ಬೊರೇಟರ್ ಗಾಡಿಯಲ್ಲಿ ಕಾರ್ಬೊರೇಟರ್‌ನ ಬೌಲ್‌ನೊಳಗಿನ ಪೆಟ್ರೋಲ್ ಕುದಿದು ಆಚೆ ಬರುತ್ತದೆ. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸವೆದಿದ್ದರೆ ಓವರ್‌ಫ್ಲೋ ಆಗಿ ತೊಟ್ಟಿಕ್ಕುತ್ತದೆ. ಓಮ್ನಿ, ಹಳೇ ಮಾರುತಿ 800 ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ.

ಎಸಿ ಅಥವಾ ಬ್ಲೋವರ್ ಹಾಕಿದಾಗ ಮಾತ್ರ ಬರುತ್ತದೆಯಾ? ವೈಪರ್ ಕೆಳಗಿನ ಜಾಲರಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಬಾನೆಟ್ ಒಳಗೆ ಸೋರಿಕೆ ಇದ್ದರೆ ಅದೂ ಜೊತೆಗೆ ಬರುತ್ತದೆ. ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ ನೋಡಿ. ವಾಸನೆ ಕಡಿಮೆಯಾದರೆ ಸೋರಿಕೆ ಮುಂದೆ, ಜಾಸ್ತಿಯಾದರೆ ಹಿಂದಿನ ಸೀಟು, ಡಿಕ್ಕಿ ಕಡೆ. ಇದು ಪಕ್ಕಾ ಪರೀಕ್ಷೆ ಅಂತಲ್ಲ, ಆದರೆ ಖರ್ಚಿಲ್ಲದ ಪರೀಕ್ಷೆ.

ಓಡುವಾಗ ಹಿಂದಿನಿಂದ ವಾಸನೆ ಬಂದು, ಜೊತೆಗೆ ಪಿಕಪ್ ಕಮ್ಮಿ, ಮೈಲೇಜ್ ಕಮ್ಮಿ, ಚೆಕ್ ಇಂಜಿನ್ ಲೈಟ್ ಮಿನುಗುತ್ತಿದ್ದರೆ ಸೋರಿಕೆ ಹುಡುಕಬೇಡಿ. ಒಂದು ಸಿಲಿಂಡರ್ ಉರಿಯುತ್ತಿಲ್ಲ, ಪೆಟ್ರೋಲ್ ಹಾಗೇ ಸೈಲೆನ್ಸರ್ ಕಡೆ ಹೋಗುತ್ತಿದೆ. ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿಸಿ. ಹಾಗೇ ಓಡಿಸಿದರೆ ಕನ್ವರ್ಟರ್ ಸುಟ್ಟುಹೋಗುತ್ತದೆ, ಅದರ ಬೆಲೆ ಕೇಳಿದರೆ ಪ್ಲಗ್ ಎಷ್ಟು ಅಗ್ಗ ಅಂತ ಗೊತ್ತಾಗುತ್ತದೆ. ಸೈಲೆನ್ಸರ್ ಹೊಗೆ ಡಿಕ್ಕಿಯ ಹರಿದ ರಬ್ಬರ್ ಸಂದಿಯಿಂದ ಒಳಗೆ ಬರುತ್ತಿದ್ದರೆ ಅದರ ಜೊತೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ತಲೆನೋವು, ಮಂಪರು ಬಂದರೆ ಪೆಟ್ರೋಲ್ ವಾಸನೆಗಿಂತ ಅದಕ್ಕೆ ಹೆದರಬೇಕು.

ಆಯಿಲ್ ನೋಡುವ ಕಡ್ಡಿಯನ್ನೂ ಒಮ್ಮೆ ಎಳೆದು ಮೂಸಿ. ಪೆಟ್ರೋಲ್ ವಾಸನೆ ಹೊಡೆದು, ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದರೆ ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಸೇರುತ್ತಿದೆ. ತೆಳುವಾದ ಆಯಿಲ್‌ನಲ್ಲಿ ಇಂಜಿನ್ ಬೇಗ ಸವೆಯುತ್ತದೆ. ಕಾರಣ ಸರಿಮಾಡಿದ ಮೇಲೆ ಆಯಿಲ್ ಬದಲಿಸಲೇಬೇಕು.

ಏನೂ ಹೊಂದುತ್ತಿಲ್ಲ ಅಂದರೆ ಡಿಕ್ಕಿ ತೆಗೆದು ನೋಡಿ. ತೋಟದ ಪಂಪ್‌ಸೆಟ್‌ಗೆ, ಕಳೆ ಕತ್ತರಿಸುವ ಮೆಷಿನ್‌ಗೆ ಅಂತ ಕ್ಯಾನಿನಲ್ಲಿ ತಂದ ಪೆಟ್ರೋಲ್ ಚೆಲ್ಲಿ ಕಾರ್ಪೆಟ್ ಕುಡಿದಿರುತ್ತದೆ. ಗಾಡಿಯಲ್ಲಿ ದೋಷವೇ ಇರುವುದಿಲ್ಲ.

ಒದ್ದೆ ಜಾಗ ಹುಡುಕುವುದು

ಹನಿ ಬೀಳುತ್ತಿಲ್ಲ ಅಂತ ಖಚಿತವಾದ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ. ಬಯಲು ಜಾಗ, ಹಗಲು ಹೊತ್ತು, ತಣ್ಣಗಿನ ಇಂಜಿನ್. ಒಂದು ಕಿಲೋದ ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ವೈರ್ ಬಲ್ಬ್ ಬೇಡ, ಎಲ್‌ಇಡಿ ಟಾರ್ಚ್ ಹಚ್ಚಿಕೊಂಡೇ ಹತ್ತಿರ ಹೋಗಿ.

ರಾತ್ರಿ ಗಾಡಿ ಕೆಳಗೆ ಹಳೇ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿ. ಬೆಳಿಗ್ಗೆ ಕಲೆ ಬಿದ್ದ ಜಾಗ ನೋಡಿ. ಎಸಿ ನೀರಿಗೆ ವಾಸನೆ ಇಲ್ಲ, ಆಯಿಲ್ ಜಿಡ್ಡಾಗಿರುತ್ತದೆ. ಪೆಟ್ರೋಲ್ ಆರಿಹೋಗಿದ್ದರೂ ರಟ್ಟಿನಲ್ಲಿ ವಾಸನೆ ಉಳಿದಿರುತ್ತದೆ.

ಇಂಜೆಕ್ಷನ್ ಗಾಡಿಯಲ್ಲಿ ಪೈಪಿನೊಳಗೆ ಒತ್ತಡ ಇದ್ದಾಗಲೇ ಸೋರಿಕೆ ಕಾಣುವುದು. ಮನೆಯವರೊಬ್ಬರಿಗೆ ಕೀ ಆನ್ ಮಾಡಲು ಹೇಳಿ, ಸ್ಟಾರ್ಟ್ ಬೇಡ. ಹಿಂದಿನ ಸೀಟಿನಡಿಯಿಂದ ಒಂದೆರಡು ಸೆಕೆಂಡ್ ಜುಂಯ್ ಅನ್ನುವ ಸದ್ದು ಕೇಳುತ್ತದೆ. ಅದು ಪಂಪ್. ಎರಡು ಮೂರು ಸಲ ಆನ್ ಆಫ್ ಮಾಡಿಸಿದರೆ ಪೈಪಿನಲ್ಲಿ ಒತ್ತಡ ತುಂಬುತ್ತದೆ. ಸಾಮಾನ್ಯ ಪೆಟ್ರೋಲ್ ಗಾಡಿಗಳಲ್ಲಿ ಇದು 45ರಿಂದ 60 ಪಿಎಸ್‌ಐ, ಟೈರ್‌ಗೆ ಹಾಕಿಸುವ ಗಾಳಿಗಿಂತ ಜಾಸ್ತಿ. ಈಗ ಪೈಪ್ ಸೇರುವ ಒಂದೊಂದು ಜಾಗಕ್ಕೂ ಬಿಳಿ ಟಿಶ್ಯೂ ಮುಟ್ಟಿಸಿ ಮೂಸಿ. ಪ್ರತಿ ಜಾಗಕ್ಕೂ ಹೊಸ ತುಂಡು. ಇಂಜೆಕ್ಟರ್ ಬುಡ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ರೈಲ್‌ನ ತುದಿ, ಹೊರಗೆ ಫಿಲ್ಟರ್ ಇದ್ದರೆ ಅದರ ಎರಡೂ ಬದಿ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಗಾಡಿಯಲ್ಲಿ ಮಾತ್ರ ಇದನ್ನು ಮಾಡಬೇಡಿ. ಅಲ್ಲಿ ಒತ್ತಡ ಹತ್ತಾರು ಪಟ್ಟು, ಚರ್ಮ ಸೀಳುತ್ತದೆ.

ನಮ್ಮ ರಸ್ತೆಯ ಧೂಳು ಇಲ್ಲಿ ಉಪಕಾರಕ್ಕೆ ಬರುತ್ತದೆ. ಗಾಡಿ ತಳವೆಲ್ಲ ಕೆಂಪು ಧೂಳು ಹಿಡಿದಿರುವಾಗ ಪೆಟ್ರೋಲ್ ಜಿನುಗಿದ ಜಾಗ ಒಂದೇ ತೊಳೆದಂತೆ ಬೆಳ್ಳಗೆ, ಇಲ್ಲ ಕಂದು ಗೆರೆಯಾಗಿ ಕಾಣುತ್ತದೆ. ಆದ್ದರಿಂದ ಗ್ಯಾರೇಜ್‌ಗೆ ಬಿಡುವ ಮುಂಚೆ ವಾಟರ್ ವಾಶ್ ಮಾಡಿಸಬೇಡಿ. ಸುಳಿವು ತೊಳೆದುಹೋಗುತ್ತದೆ.

ಇಲಿ ಕಾಟವನ್ನು ಮರೆಯಬೇಡಿ. ಗುಬ್ಬಿ ಕಡೆ ನಮ್ಮ ಭಾವನ ಗಾಡಿ ನಿಲ್ಲುವುದು ಕೊಬ್ಬರಿ ಅಟ್ಟದ ಪಕ್ಕದ ಶೆಡ್‌ನಲ್ಲಿ. ವಾಸನೆ ಬಂತು ಅಂತ ಗ್ಯಾರೇಜ್‌ಗೆ ಒಯ್ದರು. ಹುಡುಗ ಮೂಸಿ, "ಪಂಪ್ ಹೋಗಿದೆ ಸಾರ್, ಪೂರ್ತಿ ಸೆಟ್ ಹಾಕ್ಬೇಕು" ಅಂದ. ಭಾವ ಅಷ್ಟು ಸುಲಭಕ್ಕೆ ಜೇಬಿಗೆ ಕೈ ಹಾಕುವ ಆಸಾಮಿಯಲ್ಲ. "ಎಲ್ಲಿ ಒದ್ದೆ ಆಗಿದೆ, ಸ್ವಲ್ಪ ತೋರ್ಸಪ್ಪ" ಅಂದರು. ಹುಡುಕಿದಾಗ ಕ್ಯಾನಿಸ್ಟರ್‌ಗೆ ಹೋಗುವ ಬೆರಳು ಗಾತ್ರದ ರಬ್ಬರ್ ಪೈಪಿನಲ್ಲಿ ಜೋಡಿ ಜೋಡಿ ಹಲ್ಲಿನ ಗುರುತು, ನಡುವೆ ಒಂದು ತೂತು. ಪಕ್ಕದಲ್ಲಿ ಬ್ಯಾಟರಿ ಟ್ರೇ ಮೇಲೆ ಕೊಬ್ಬರಿ ಚೂರು, ತೆಂಗಿನ ನಾರು. ಪೈಪ್ ಬದಲಿಸಿದರು, ಕೆಲಸ ಮುಗಿಯಿತು.

ಸರಿ ಮಾಡುವುದು: ಯಾವುದು ನಿಮ್ಮದು, ಯಾವುದು ಅಲ್ಲ

ಮುಚ್ಚಳ ನೀವೇ ಬದಲಿಸಬಹುದು, ಗಾಡಿ ಮಾಡೆಲ್ ಹೇಳಿ ಅದರದ್ದೇ ಕೊಳ್ಳಿ. ಕ್ಯಾನಿಸ್ಟರ್‌ನ ಆವಿ ಪೈಪ್ ಕೂಡ ಕೈಗೆಟುಕುವಂತಿದ್ದರೆ ಕಷ್ಟವಿಲ್ಲ. ಅದರಲ್ಲಿ ಒತ್ತಡ ಇರುವುದಿಲ್ಲ.

ಒತ್ತಡ ಇರುವ ಪೈಪ್ ಬೇರೆ ಮಾತು. ಅದಕ್ಕೆ ಕೈ ಹಾಕುವ ಮುಂಚೆ ಪಂಪ್‌ನ ಫ್ಯೂಸ್ ಅಥವಾ ರಿಲೇ ಕಿತ್ತು, ಇಂಜಿನ್ ಸ್ಟಾರ್ಟ್ ಮಾಡಿ ತಾನಾಗಿ ಆಫ್ ಆಗುವವರೆಗೆ ಬಿಡಬೇಕು. ಆಮೇಲೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಬೇಕು. ಇಷ್ಟಾದರೂ ಬಿಚ್ಚುವಾಗ ಸ್ವಲ್ಪ ಪೆಟ್ರೋಲ್ ಬರುತ್ತದೆ, ಬಟ್ಟೆ ಸುತ್ತಿ ಹಿಡಿಯಿರಿ. ಇದೇ ಮೊದಲ ಸಲ ಅಂತಾದರೆ ಮೆಕ್ಯಾನಿಕ್‌ಗೆ ಬಿಡಿ, ಏನೂ ಅವಮಾನವಿಲ್ಲ.

ಪೈಪ್ ಯಾರೇ ಹಾಕಲಿ, ಯಾವ ಪೈಪ್ ಅನ್ನುವುದು ಮುಖ್ಯ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಸಾದಾ ರಬ್ಬರ್ ಪೈಪ್ ಇಂಜೆಕ್ಷನ್ ಒತ್ತಡಕ್ಕೆ ತಡೆಯುವುದಿಲ್ಲ. ಕಂಪನಿ ಪೈಪ್ ಸಿಗದಿದ್ದರೆ ಮೈಮೇಲೆ SAE J30R9 (ಎಸ್‌ಎಇ ಜೆ30 ಆರ್9) ಅಂತ ಅಚ್ಚಾಗಿರುವ ಇಂಜೆಕ್ಷನ್ ಪೈಪ್ ಕೇಳಿ. ಅಂಚು ಮೇಲಕ್ಕೆ ಮಡಚಿರುವ ಇಂಜೆಕ್ಷನ್ ಕ್ಲಿಪ್ ಹಾಕಿಸಿ. ತೂತಿರುವ ಪಟ್ಟಿಯ ಕ್ಲಿಪ್ ಬಿಗಿ ಮಾಡಿದಷ್ಟೂ ರಬ್ಬರ್ ಕೊಯ್ಯುತ್ತದೆ. ಬೈಂಡಿಂಗ್ ವೈರ್ ಸುತ್ತಿ ಕೊಟ್ಟರೆ ಆ ಗ್ಯಾರೇಜ್‌ಗೆ ಮತ್ತೆ ಹೋಗಬೇಡಿ. ಈಗ ಬಂಕ್‌ಗಳಲ್ಲಿ ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ಅದಕ್ಕೆಂದು ಮಾಡಿರದ ಹಳೇ ಗಾಡಿಗಳ ರಬ್ಬರ್ ಊದಿಕೊಳ್ಳುವುದು, ಬಿರುಕು ಬಿಡುವುದು ಉಂಟು. ಹತ್ತು ಹದಿನೈದು ವರ್ಷದ ಗಾಡಿಯಲ್ಲಿ ಒಂದು ಪೈಪ್ ಹೋಗಿದ್ದರೆ ಅದೇ ವಯಸ್ಸಿನ ಉಳಿದವನ್ನೂ ಒಟ್ಟಿಗೆ ಬದಲಿಸುವುದು ವಾಸಿ. ಇಂಜೆಕ್ಟರ್ ಓ-ರಿಂಗ್ ಕೂಡ ಹಾಗೇ, ಒಂದನ್ನೇ ಹಾಕಿಸಬೇಡಿ.

ಪಂಪ್ ಗ್ಯಾಸ್ಕೆಟ್ ಬದಲಿಸಲು ಎಷ್ಟೋ ಗಾಡಿಗಳಲ್ಲಿ ಹಿಂದಿನ ಸೀಟು ಎತ್ತಿದರೆ ಸಾಕು, ಮುಚ್ಚಳ ಕಾಣುತ್ತದೆ. ಕೆಲವಕ್ಕೆ ಟ್ಯಾಂಕ್ ಇಳಿಸಬೇಕು. ಬಿಚ್ಚುವ ಮುಂಚೆ ಸುತ್ತಲಿನ ಮಣ್ಣು ಒರೆಸಬೇಕು, ಇಲ್ಲದಿದ್ದರೆ ಅದೆಲ್ಲ ಟ್ಯಾಂಕ್‌ಗೆ ಬೀಳುತ್ತದೆ. ಪಂಪ್ ಹಿಡಿದಿಡುವ ಲಾಕ್ ರಿಂಗನ್ನು ಕಬ್ಬಿಣದ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದನ್ನು ಕಂಡರೆ ತಡೆಯಿರಿ, ಕಿಡಿ ಹಾರೀತು. ಅದೇ ಹಳೇ ಗ್ಯಾಸ್ಕೆಟ್ ಮೇಲೆ ಪೇಸ್ಟ್ ಮೆತ್ತಿ ಕೂರಿಸುವುದೂ ಬೇಡ.

ಹಂಪ್‌ಗೆ, ಕಲ್ಲಿಗೆ ತಳ ಬಡಿದು ಕಬ್ಬಿಣದ ಟ್ಯಾಂಕ್ ತೂತಾದರೆ ಬಟ್ಟೆ ಸೋಪಿನ ತುಂಡನ್ನು ಉಜ್ಜಿ ತುಂಬುವುದು ಹಳೇ ಉಪಾಯ. ಪೆಟ್ರೋಲ್‌ಗೆ ಸೋಪು ಕರಗುವುದಿಲ್ಲ, ಹನಿ ನಿಲ್ಲುತ್ತದೆ. ಟೋ ಗಾಡಿ ಬರುವವರೆಗೆ ಅಷ್ಟೇ, ಅದನ್ನು ನಂಬಿ ಊರಿಗೆ ಹೊರಡಬೇಡಿ. ಟ್ಯಾಂಕ್‌ಗೆ ವೆಲ್ಡಿಂಗ್ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಖಾಲಿ ಟ್ಯಾಂಕ್‌ನೊಳಗೆ ಆವಿ ಮತ್ತು ಗಾಳಿ ಸೇರಿರುವುದರಿಂದ ಅದು ತುಂಬಿದ ಟ್ಯಾಂಕ್‌ಗಿಂತಲೂ ಅಪಾಯ. ಬೇರೆ ಟ್ಯಾಂಕ್ ಹಾಕಿಸಿ.

ಗ್ಯಾರೇಜ್‌ನಲ್ಲಿ

ಹೋದ ಕೂಡಲೇ "ಪೆಟ್ರೋಲ್ ವಾಸನೆ ನೋಡಿ" ಅನ್ನಬೇಡಿ. "ಅಣ್ಣ, ಫುಲ್ ಟ್ಯಾಂಕ್ ಇದ್ದಾಗ ಮಾತ್ರ ಬರುತ್ತೆ, ಹಿಂದಿನ ಸೀಟಲ್ಲಿ ಜಾಸ್ತಿ, ಅರ್ಧಕ್ಕೆ ಇಳಿದ್ರೆ ಇರಲ್ಲ" ಅನ್ನಿ. ಈ ಒಂದು ಮಾತು ಮೆಕ್ಯಾನಿಕ್‌ನ ಅರ್ಧ ದಿನ ಉಳಿಸುತ್ತದೆ, ನಿಮ್ಮ ಕೂಲಿ ಖರ್ಚನ್ನೂ. ಪಾರ್ಟ್ ಬದಲಿಸುವ ಮುಂಚೆ ಒದ್ದೆ ಜಾಗ ತೋರಿಸಲು ಕೇಳಿ. ತೋರಿಸಲು ಆಗದಿದ್ದರೆ ಅವರೂ ಊಹೆ ಮಾಡುತ್ತಿದ್ದಾರೆ. ಹಳೇ ಪಾರ್ಟ್ ವಾಪಸ್ ಕೇಳಿ ಪಡೆಯಿರಿ. ವಾರಂಟಿ ಇರುವ ಗಾಡಿಯನ್ನು ಹೊರಗೆ ಬಿಚ್ಚಿಸಬೇಡಿ.

ಕೆಲಸ ಮುಗಿದ ಮೇಲೆ

ಯಾವ ಹೊತ್ತಿನಲ್ಲಿ ವಾಸನೆ ಬರುತ್ತಿತ್ತೋ ಅದೇ ಹೊತ್ತಿನಲ್ಲಿ ಪರೀಕ್ಷೆ ಮಾಡಿ. ಬೆಳಿಗ್ಗೆ ಬರುತ್ತಿದ್ದ ವಾಸನೆಯನ್ನು ಮಧ್ಯಾಹ್ನ ನೋಡಿದರೆ ಉಪಯೋಗವಿಲ್ಲ. ಫುಲ್ ಟ್ಯಾಂಕ್ ತೊಂದರೆಯಾಗಿದ್ದರೆ ಫುಲ್ ಮಾಡಿಸಿ, ಆಟೋ ಕಟ್ ಆದಲ್ಲಿಗೆ ನಿಲ್ಲಿಸಿ, ಮತ್ತೆ ಅದೇ ಏರು ಹತ್ತಿ.

ಕಾರ್ಪೆಟ್‌ಗೆ ಇಳಿದ ವಾಸನೆ ಸೋರಿಕೆ ನಿಂತ ಮೇಲೂ ಕೆಲವು ದಿನ ಇರುತ್ತದೆ. ಮ್ಯಾಟ್, ಕಾರ್ಪೆಟ್ ಆಚೆ ತೆಗೆದು ಗಾಳಿಗೆ ಹಾಕಿ. ಉಳಿದಿದ್ದಕ್ಕೆ ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ವ್ಯಾಕ್ಯೂಮ್ ಹಿಡಿಯಿರಿ. ದಿನದಿಂದ ದಿನಕ್ಕೆ ವಾಸನೆ ಕಮ್ಮಿಯಾಗುತ್ತಿದ್ದರೆ ಚಿಂತೆಯಿಲ್ಲ. ಒಂದು ದಿನ ಇಲ್ಲ, ಒಂದು ದಿನ ಜೋರು ಅಂತಾದರೆ ಅದು ಕಾರ್ಪೆಟ್ ವಾಸನೆಯಲ್ಲ. ಗಾಡಿ ಮತ್ತೆ ಲಿಫ್ಟ್ ಮೇಲೆ ಹೋಗಲಿ.